ನಾಲ್ಕು ತೂತಿನ ಹಾಳೆ

ಸಹಿ ನನ್ನದೇ.

ಅದರಲ್ಲಿ ಎರಡು ಮಾತಿಲ್ಲ. ಕೊನೆಯ ಅಕ್ಷರದ ಬಾಲ ಎಳೆದು ಅದನ್ನೇ ಅಡಿಗೆರೆ ಮಾಡುವ ಚಟ ನನಗೆ ಶಾಲೆಯ ದಿನಗಳಿಂದ ಇದೆ. ಅದೇ ಬಾಲ, ಅದೇ ಗೆರೆ. ಅದರ ಮೇಲೆ ಅಚ್ಚಾಗಿದ್ದ ಒಕ್ಕಣೆಯ ಪ್ರಕಾರ, ಇವತ್ತು ಬೆಳಿಗ್ಗೆ ಎಂಟೂವರೆಗೆ ನಾನು ಈ ಠಾಣೆಗೆ ಬಂದಿದ್ದೆ. ಲಾಕಪ್ಪಿನಲ್ಲಿದ್ದ ಬೀಗದ ಮೇಸ್ತ್ರಿಯನ್ನು ಕಂಡು ಅವರ ಹಕ್ಕುಗಳನ್ನೆಲ್ಲ ತಿಳಿಸಿದ್ದೆ. ಆಮೇಲೆ ಅವರು ನನ್ನೆದುರಿಗೇ, ಯಾರ ಒತ್ತಾಯವೂ ಇಲ್ಲದೆ, ಮುದ್ರಣಾಲಯದ ಯಜಮಾನರನ್ನು ಕೊಂದದ್ದು ತಾವೇ ಎಂದು ಒಪ್ಪಿಕೊಂಡಿದ್ದರು.

ಎಂಟೂವರೆಗೆ ನಾನು ನಮ್ಮ ಮನೆಯ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆ. ಬೀಗದ ಮೇಸ್ತ್ರಿಯ ಮುಖವನ್ನು ನಾನು ಇನ್ನೂ ನೋಡಿಯೇ ಇರಲಿಲ್ಲ.

"ಇದು ಯಾವಾಗ ಬಂತು?" ಎಂದು ರೈಟರನ್ನು ಕೇಳಿದೆ. ಠಾಣೆಯ ಕಾಗದಪತ್ರವೆಲ್ಲ ಇವರ ಕೈಯಲ್ಲಿ. ತಮ್ಮ ಪೆನ್ನನ್ನು ಯಾರಿಗೂ ಕೊಡದ ಮನುಷ್ಯ. ತಾವು ಹತ್ತಕ್ಕೆ ಡ್ಯೂಟಿಗೆ ಬಂದಾಗಲೇ ಹಾಳೆ ಫೈಲಿನಲ್ಲಿತ್ತು, ಬೆಳಗಿನ ಪಾಳಿಯವನು ಮನೆಗೆ ಹೋಗಿ ಮಲಗಿದ್ದಾನೆ, ಫೋನ್ ಎತ್ತುತ್ತಿಲ್ಲ ಎಂದರು. ಮತ್ತೆ ನನ್ನನ್ನೇ ಅನುಮಾನದಿಂದ ನೋಡಿ, ಮೇಡಂ ನೀವೇ ಬಂದಿದ್ದಿರಲ್ಲ, ಮರೆತಿರಾ ಎಂದು ಕೇಳಿದರು. ನನಗೆ ನಲವತ್ತೆಂಟು. ಮರೆವಿಗೆ ಇನ್ನೂ ಸ್ವಲ್ಪ ಟೈಮಿದೆ.

ಭಾನುವಾರ ಯಜಮಾನರು ತಮ್ಮ ಕೋಣೆಯಲ್ಲೇ ಹೆಣವಾಗಿ ಸಿಕ್ಕರು. ಬಾಗಿಲ ಬೀಗ ಮುರಿದಿರಲಿಲ್ಲ. ಹಾಗಾದರೆ ಬೀಗ ತೆಗೆಯಲು ಬಲ್ಲವನನ್ನೇ ಹಿಡಿಯಬೇಕು ಎಂದು ಸೋಮವಾರ ಮೇಸ್ತ್ರಿಯನ್ನು ಎತ್ತಿಕೊಂಡು ಬಂದರು. ಪೊಲೀಸರ ತರ್ಕ ಅಷ್ಟೇ. ಇವತ್ತು ಮೂರು ಗಂಟೆಗೆ ಮೇಸ್ತ್ರಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರೆ. ವಕೀಲರ ಸಹಿ ಇರುವ ತಪ್ಪೊಪ್ಪಿಗೆ ಅಲ್ಲಿ ಓದಲ್ಪಟ್ಟರೆ, ಆ ಮನುಷ್ಯ ಇನ್ನು ಮನೆಯ ಹೊಸ್ತಿಲು ತುಳಿಯುವುದು ಯಾವ ವರ್ಷವೋ.

ಗಡಿಯಾರ ನೋಡಿದೆ. ಹನ್ನೊಂದೂ ಕಾಲು.

* * *

ಈ ಠಾಣೆಯ ಮೆಟ್ಟಿಲ ಕೆಳಗಿನ ಮೇಜು ವಾರಕ್ಕೆರಡು ದಿನ ನನ್ನದು. ಹನ್ನೊಂದರಿಂದ ಎರಡರವರೆಗೆ. ವಕೀಲರನ್ನು ಇಟ್ಟುಕೊಳ್ಳುವ ಶಕ್ತಿ ಇಲ್ಲದವರನ್ನು ಹಿಡಿದು ತಂದಾಗ ಅವರ ಜೊತೆ ಕೂತು ಮಾತಾಡುವುದು, ಏನು ಹೇಳಬಹುದು, ಏನು ಹೇಳದೆ ಇರಬಹುದು ಎಂದು ತಿಳಿಸುವುದು, ಆಮೇಲೆ ಭೇಟಿ ಹಾಳೆಗೆ ಸಹಿ ಹಾಕುವುದು. ಠಾಣೆಗೊಬ್ಬರಂತೆ ವಕೀಲರನ್ನು ಕಳಿಸುವ ನಮ್ಮ ಸಂಘದ ಕೆಲಸ ಇದು, ಫೀಸಿಲ್ಲ. ಠಾಣೆಯವರು ಕೊಡುವುದು ಒಂದು ಕುಂಟು ಕುರ್ಚಿ, ಒಂದು ಡ್ರಾಯರು. ಮೆಟ್ಟಿಲು ಹತ್ತಿ ಇಳಿಯುವವರ ಬೂಟಿನ ಮಣ್ಣು ನನ್ನ ತಲೆಯ ಮೇಲೆ ಉದುರುತ್ತದೆ, ಅದು ಉಚಿತ.

ಆ ಭೇಟಿ ಹಾಳೆ ಇಲ್ಲದೆ ಇಲ್ಲಿ ಏನೂ ನಡೆಯುವುದಿಲ್ಲ. ಮನೆಯವರು ಒಳಗೆ ಬಂದು ಮುಖ ನೋಡುವ ಹಾಗಿಲ್ಲ, ಸಣ್ಣಪುಟ್ಟ ಕೇಸಿನವರನ್ನು ಮನೆಗೆ ಕಳಿಸುವ ಹಾಗೂ ಇಲ್ಲ. ಎರಡು ವರ್ಷದ ಹಿಂದೆ ನಾನೊಮ್ಮೆ ಕೋರ್ಟಿನಲ್ಲಿ ಸಿಕ್ಕಿಹಾಕಿಕೊಂಡೆ. ಆ ಹೊತ್ತು ಠಾಣೆಯಲ್ಲಿ ಒಬ್ಬ ಉಬ್ಬಸದ ಮುದುಕ ಬರೀ ಒಂದು ಸಹಿಗಾಗಿ ಐದು ಗಂಟೆ ಬೆಂಚಿನ ಮೇಲೆ ಏದುಸಿರು ಬಿಡುತ್ತ ಕೂತಿದ್ದ. ನಾನು ಓಡಿಬಂದಾಗ ಅವನ ತುಟಿ ನೀಲಿಯಾಗಿತ್ತು. ಬದುಕಿದ, ಪುಣ್ಯ.

ಅವತ್ತಿನಿಂದ ನಾನೊಂದು ತಪ್ಪು ಕೆಲಸ ಶುರು ಮಾಡಿದೆ. ಮೂರು ಖಾಲಿ ಭೇಟಿ ಹಾಳೆಗಳಿಗೆ ಸಹಿ ಹಾಕಿ ಡ್ರಾಯರಿನಲ್ಲಿಟ್ಟೆ. ನಾನು ತಡವಾದರೆ ಫೋನಿನಲ್ಲೇ ಆ ಮನುಷ್ಯನ ಜೊತೆ ಮಾತಾಡುವುದು, ರೈಟರು ಹಾಳೆ ತುಂಬುವುದು. ಖರ್ಚಾದ ಹಾಗೆ ಹೊಸದು ಇಡುವುದು. ಡ್ರಾಯರಿನ ಕೀ ಸ್ಟ್ಯಾಂಪ್ ಪ್ಯಾಡಿನ ಕೆಳಗೆ. ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ ಎಂದು ಊರಿಗೆಲ್ಲ ಬುದ್ಧಿ ಹೇಳುವವಳು ನಾನು. ಒಳ್ಳೆಯ ಮನಸ್ಸಿನಿಂದ ಮಾಡಿದೆ ಎಂಬ ಸಮಾಧಾನ ಬೇರೆ ಇಟ್ಟುಕೊಂಡಿದ್ದೆ.

ಈಗ ಡ್ರಾಯರು ತೆಗೆದೆ. ಎಣಿಸಿದೆ. ಒಂದು, ಎರಡು, ಮೂರು.

ಮೂರೂ ಅಲ್ಲೇ ಇದ್ದವು.

ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಮೂರೂ ಇಲ್ಲೇ ಇದ್ದರೆ, ಫೈಲಿನಲ್ಲಿರುವ ನಾಲ್ಕನೆಯದು ಎಲ್ಲಿಂದ ಬಂತು? ಆ ಮೂರನ್ನು ಅಲ್ಲೇ ಹರಿದು ಹಾಕಬೇಕಿತ್ತು. ಆದರೆ ಇಂಥ ಒಂದು ಪ್ರಶ್ನೆ ತಲೆಗೆ ಹೊಕ್ಕರೆ ನನಗೆ ಊಟ ತಿಂಡಿಯೂ ನೆನಪಿರುವುದಿಲ್ಲ. ಹಾಳೆಗಳನ್ನು ಹಾಗೇ ಒಳಗಿಟ್ಟು ಡ್ರಾಯರು ತಳ್ಳಿದೆ.

* * *

ಹೊರಗಿನ ಬೆಂಚಿನ ಮೇಲೆ ಮೇಸ್ತ್ರಿಯ ಹೆಂಡತಿ ಕೂತಿದ್ದರು. ಕೈಯಲ್ಲಿ ಒಂದು ಕನ್ನಡಕದ ಡಬ್ಬಿ. ನಿನ್ನೆಯಿಂದ ಇದೇ ಡಬ್ಬಿ ಹಿಡಿದು ಕೂತಿದ್ದಾರಂತೆ. ಗಂಡನನ್ನು ಹಿಡಿದುಕೊಂಡು ಬರುವಾಗ ಅವರ ಓದುವ ಕನ್ನಡಕ ಅಂಗಡಿಯಲ್ಲೇ ಉಳಿಯಿತು, ಅದಿಲ್ಲದೆ ಅವರಿಗೆ ಹತ್ತಿರದ್ದು ಒಂದೂ ಕಾಣುವುದಿಲ್ಲ, ಯಾರೂ ಒಳಗೆ ಕೊಡುತ್ತಿಲ್ಲ ಎಂದರು. ಅಳಲಿಲ್ಲ. ಡಬ್ಬಿಯನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟರು.

ನನಗೆ ಅಲ್ಲೇ ಒಂದು ವಿಷಯ ಹೊಳೆಯಿತು. ಕನ್ನಡಕವಿಲ್ಲದ ಮನುಷ್ಯ ಆ ಹಾಳೆ ಓದಿ ಅದಕ್ಕೆ ತಮ್ಮ ಸಹಿ ಹಾಕಿದ್ದು ಹೇಗೆ?

ಮೇಸ್ತ್ರಿ ಲಾಕಪ್ಪಿನ ಬೀಗದ ಹತ್ತಿರವೇ ನೆಲದ ಮೇಲೆ ಕೂತಿದ್ದರು. ಅರವತ್ತರ ಆಸುಪಾಸು. ಬೆರಳುಗಳ ಸಂದಿಯಲ್ಲಿ ತೊಳೆದರೂ ಹೋಗದ ಎಣ್ಣೆಯ ಕಪ್ಪು. ನಾನು ಯಾರೆಂದು ಹೇಳಿ, ಕನ್ನಡಕ ಕೊಟ್ಟು, ರೈಟರ ಎದುರಿಗೇ ಹಾಳೆಯನ್ನು ಅವರ ಕೈಗೆ ಕೊಟ್ಟೆ. ಕನ್ನಡಕ ಏರಿಸಿಕೊಂಡು, ಒಂದೊಂದೇ ಸಾಲಿನ ಕೆಳಗೆ ಬೆರಳಿಟ್ಟು ಓದಿದರು. ಮೂರನೇ ಸಾಲಿನಲ್ಲಿ ಬೆರಳು ನಿಂತಿತು.

"ಇದ್ರಲ್ಲಿ ನಾನು ಕೊಂದೆ ಅಂತ ಇದೆ."

"ಹೌದು."

"ನಾನು ಹಾಗೆ ಹೇಳ್ಲಿಲ್ಲ ಮೇಡಂ. ಬೆಳಿಗ್ಗೆ ನಿಮ್ಮ ಕಡೆ ವಕೀಲರು ಬಂದಿದ್ರು. ನೀರು ಕೊಡಿಸಿದ್ರು. ಇಲ್ಲೊಂದು ಸಹಿ ಹಾಕಿ, ಉಳಿದದ್ದು ನಾನು ನೋಡ್ಕೋತೀನಿ ಅಂದ್ರು. ಎರಡು ದಿನದಿಂದ ನನ್ನ ಹತ್ರ ಮೆತ್ತಗೆ ಮಾತಾಡಿದ್ದು ಅವರೊಬ್ಬರೇ. ಹಾಕಿಬಿಟ್ಟೆ."

ನನ್ನ ಕಡೆಯ ವಕೀಲರು! ಈ ಠಾಣೆಯಲ್ಲಿ ನನ್ನ ಕಡೆ ಎಂದರೆ ನಾನೊಬ್ಬಳೇ. ನೋಡಲು ಹೇಗಿದ್ದರು ಎಂದು ಕೇಳಿದೆ. ಮೇಸ್ತ್ರಿ ಸಂಕೋಚಪಟ್ಟರು. ವಯಸ್ಸಾದವರು, ಬಿಳಿ ಅಂಗಿ. ಅದಕ್ಕಿಂತ ಹೆಚ್ಚು ಹೇಳಲು ಆಗಲಿಲ್ಲ.

"ಮುಖ ಸರಿಯಾಗಿ ನೋಡ್ಲಿಲ್ಲ ಮೇಡಂ. ನಾನು ಅವರ ಕೀ ಗೊಂಚಲು ನೋಡ್ತಾ ಇದ್ದೆ."

ನಗು ಬಂತು. ದರ್ಜಿ ಅಂಗಿ ನೋಡುತ್ತಾನೆ, ಚಮ್ಮಾರ ಚಪ್ಪಲಿ ನೋಡುತ್ತಾನೆ. ಕೊಲೆಯ ಆರೋಪ ಹೊತ್ತು ಕೂತ ಈ ಮನುಷ್ಯ ಬಂದವರ ಬೀಗದ ಕೈ ನೋಡಿದ್ದಾರೆ. ಆದರೆ ಮುಂದಿನ ಮಾತಿಗೆ ನನ್ನ ನಗು ಅಲ್ಲೇ ನಿಂತಿತು.

ರೈಟರು ಆಚೆ ಹೋಗುವವರೆಗೆ ಕಾದು, ಮೇಸ್ತ್ರಿ ದನಿ ತಗ್ಗಿಸಿ ಹೇಳಿದರು. ಹೋದ ತಿಂಗಳು ಮುದ್ರಣಾಲಯದ ಯಜಮಾನರು ತಮ್ಮ ಕಬ್ಬಿಣದ ಬೀರುವಿಗೆ ಒಂದು ಹೊಸ ಬೀಗ ಕೂರಿಸಿಕೊಂಡಿದ್ದರು. ಎರಡು ಬೇರೆ ಬೇರೆ ಕೀಗಳನ್ನು ಒಟ್ಟಿಗೆ ತಿರುಗಿಸಿದರೆ ಮಾತ್ರ ತೆರೆಯುವ ಬೀಗ. ಒಂದು ಕೀ ಯಜಮಾನರ ಸೊಂಟದಲ್ಲೇ ಇರುತ್ತಿತ್ತು. ಇನ್ನೊಂದನ್ನು ಯಾರಿಗೆ ಕೊಟ್ಟರೋ ಗೊತ್ತಿಲ್ಲ.

"ನಾನು ಮಾಡಿದ ಕೀಗೆಲ್ಲ ತಲೇಲಿ ಮೂರು ಗೀರು ಹಾಕ್ತೀನಿ. ಅದು ನನ್ನ ಸಹಿ ಇದ್ದ ಹಾಗೆ. ಬೆಳಿಗ್ಗೆ ಬಂದವರ ಗೊಂಚಲಲ್ಲಿ ಆ ಬೀರುವಿನ ಎರಡನೇ ಕೀ ಇತ್ತು, ಉದ್ದ ಕತ್ತಿನದು. ಹತ್ತಿರದ್ದು ಕಾಣ್ಸಲ್ಲ ನಂಗೆ, ಮೂರಡಿ ದೂರದ್ದು ಚೆನ್ನಾಗೇ ಕಾಣ್ಸುತ್ತೆ."

"ಎರಡೂ ಕೀ ಇಲ್ಲದೆ ಆ ಬೀರು ತೆಗೆಯೋಕೆ ಆಗಲ್ವಾ?"

"ನಾನು ತೆಗೀಬಹುದು," ಎಂದರು ಮೇಸ್ತ್ರಿ. ಹೆಮ್ಮೆಯಿಂದಲೇ ಹೇಳಿದರು, ಪಾಪ.

* * *

ಹೊರಗೆ ಬಂದವಳೇ ರೈಟರ ಮೇಜಿನ ಮುಂದೆ ಕೂತು ಒಂದು ಆಕ್ಷೇಪಣೆ ಬರೆದೆ. ಈ ಹೇಳಿಕೆ ನನ್ನ ಎದುರಿಗೆ ಆದದ್ದಲ್ಲ, ಈ ಹಾಳೆಯನ್ನು ನಾನು ಕೊಟ್ಟದ್ದಲ್ಲ, ಇದನ್ನು ಕೋರ್ಟಿಗೆ ಕಳಿಸಕೂಡದು. ಖಾಲಿ ಹಾಳೆಗೆ ನಾನು ಎಂದೋ ಸಹಿ ಹಾಕಿದ್ದಿರಬೇಕು ಎಂದೂ ಬರೆದೆ. ಅದು ನನ್ನ ವಕೀಲಿ ಸನ್ನದಿಗೇ ಕುತ್ತು ತರುವ ಸಾಲು. ಆದರೆ ಸೆರಗಿನಿಂದ ಡಬ್ಬಿ ಒರೆಸಿದ ಆ ಹೆಂಗಸಿನ ಮುಂದೆ ಹಾದುಹೋಗಬೇಕಿತ್ತು ನಾನು.

ರೈಟರು ಓದಿ ತಲೆ ಕೆರೆದುಕೊಂಡರು. ಈ ಹೇಳಿಕೆ ಬಿದ್ದುಹೋದರೆ ಮೇಸ್ತ್ರಿಯನ್ನು ಹಿಡಿದಿಡಲು ಬೇರೇನೂ ಇಲ್ಲ, ಇನ್‌ಸ್ಪೆಕ್ಟರ್ ಒಪ್ಪಿದರೆ ಅವರ ಎದುರಿಗೇ ಸರಿಯಾದ ಒಂದು ಭೇಟಿ ಹಾಳೆ ತೆಗೆದುಕೊಂಡು ಇವತ್ತೇ ಮನೆಗೆ ಕಳಿಸಬಹುದು ಎಂದರು. ಇನ್‌ಸ್ಪೆಕ್ಟರ್ ಬರುವುದು ಎರಡು ಗಂಟೆಗೆ. ಅಷ್ಟರಲ್ಲಿ ಈ ಹಾಳೆ ಎಲ್ಲಿಂದ ಬಂತೆಂದು ಹುಡುಕಿ ಬಂದುಬಿಡುತ್ತೇನೆ ಎಂದೆ. ಹೊರಗಿನ ಬೆಂಚಿಗೂ ಆ ಸುದ್ದಿ ಹೇಳಿದೆ. ಆಕೆ ಮೊದಲ ಸಲ ಬೆನ್ನು ಒರಗಿಸಿ ಕೂತರು. ನನಗೆ ಹಿಗ್ಗಾಯಿತು, ಸುಳ್ಳೇಕೆ ಹೇಳಲಿ.

ಹೋಗುವ ಮುಂಚೆ ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಫೋಟೋ ತೆಗೆದುಕೊಂಡೆ. ಆಗ ಕಂಡದ್ದು ಎರಡು.

ಒಂದು, ಮೇಲಿನ ಅಕ್ಷರವೆಲ್ಲ ಪ್ರಿಂಟರಿನದು, ಕಡುಗಪ್ಪು. ನನ್ನ ಸಹಿಯ ನೀಲಿ ಮಾತ್ರ ತೊಳೆದು ತೊಳೆದು ಮಾಸಿದ ಅಂಗಿಯ ಹಾಗಿತ್ತು. ವರ್ಷಗಟ್ಟಲೆ ಬೆಳಕಿಗೆ ಬಿದ್ದ ಶಾಯಿ. ಡ್ರಾಯರಿನ ಕತ್ತಲಲ್ಲಿದ್ದ ಹಾಳೆಯ ಸಹಿ ಹೀಗೆ ಮಾಸುವುದಿಲ್ಲ.

ಎರಡು, ನಾಲ್ಕೂ ಮೂಲೆಗೆ ಒಂದೊಂದು ಸಣ್ಣ ತೂತು. ಹಾಳೆ ಹಳದಿಗಟ್ಟಿತ್ತು, ಆದರೆ ತೂತಿನ ಸುತ್ತ ನಾಣ್ಯಕ್ಕಿಂತ ಚಿಕ್ಕದಾದ ಒಂದು ಬಿಳಿ ಬೊಟ್ಟು ಹಾಗೇ ಉಳಿದಿತ್ತು. ಪಿನ್ನಿನ ತಲೆ ಮುಚ್ಚಿದ್ದ ಜಾಗ.

ಇದು ಎಲ್ಲೋ ಹಲಗೆಗೆ ಚುಚ್ಚಿಟ್ಟಿದ್ದ ಹಾಳೆ. ಠಾಣೆಯ ನೋಟಿಸ್ ಬೋರ್ಡು ಗಾಜಿನದು, ಎಲ್ಲವನ್ನೂ ಟೇಪಿನಿಂದ ಅಂಟಿಸುತ್ತಾರೆ. ಕೋರ್ಟಿನ ವಕೀಲರ ಕೋಣೆಯಲ್ಲಿ ಇರುವುದು ಕಬ್ಬಿಣದ ಫಲಕ. ಪಿನ್ನು ಚುಚ್ಚುವ ಮೆತ್ತನೆಯ ಹಲಗೆ, ಬಿಸಿಲು ಬೀಳುವ ಗೋಡೆ, ನನ್ನ ಸಹಿ ಇರುವ ಖಾಲಿ ಭೇಟಿ ಹಾಳೆ... ಎಲ್ಲಿ, ಎಲ್ಲಿ?

ನೆನಪಾದಾಗ ನಾನು ಠಾಣೆಯ ಗೇಟಿನಲ್ಲಿದ್ದೆ.

ಹೊಸದಾಗಿ ಬರುವ ಸ್ವಯಂಸೇವಕ ವಕೀಲರಿಗೆ ಪಾಠ ಹೇಳಲೆಂದು ಮಾದರಿಯ ಹಾಳೆ ಒಂದನ್ನು ಚುಚ್ಚಿಟ್ಟಿದ್ದೆವು. ಸಹಿ ಎಲ್ಲಿ ಹಾಕಬೇಕೆಂದು ತೋರಿಸಲು ನಾನೇ ಹಾಕಿದ್ದೆ. ಮೇಲಿನ ಜಾಗ ಖಾಲಿ, ಪಕ್ಕದಲ್ಲಿ ಹಲಗೆಯ ಮೇಲೆ ಚೀಟಿಗಳು: ಇಲ್ಲಿ ಸಮಯ, ಇಲ್ಲಿ ವಿಷಯ. ಆ ಹಲಗೆ ಇರುವುದು ನಮ್ಮ ಸಂಘದ ಕಚೇರಿಯಲ್ಲಿ.

ನಮ್ಮ ಸಂಘದ ಕಚೇರಿ ಎಂದರೆ ನಮ್ಮ ಮನೆಯ ಮುಂಗೋಣೆ.

* * *

ಮಾವ ಮುಂಗೋಣೆಯಲ್ಲಿ ಹಳೆ ಪೇಪರು ಹರಡಿಕೊಂಡು ಬೂಟಿಗೆ ಪಾಲಿಶ್ ಹಾಕುತ್ತಿದ್ದರು. ನನ್ನ ಗಂಡನ ತಂದೆ, ವಯಸ್ಸು ಎಪ್ಪತ್ತಾರು. ನಲವತ್ತು ವರ್ಷ ವಕೀಲಿ ಮಾಡಿ ಸನ್ನದು ಹಿಂದಿರುಗಿಸಿದವರು. ಠಾಣೆಗೊಬ್ಬ ವಕೀಲ ಇರಬೇಕು ಎಂದು ಈ ಸಂಘ ಕಟ್ಟಿದವರು. ನನಗೆ ಮೊದಲ ಅರ್ಜಿ ಬರೆಯಲು ಕಲಿಸಿದವರೂ ಇವರೇ. ಇವರು ಯಾವ ಠಾಣೆಗೆ ಹೋದರೂ ಪೊಲೀಸರು ಎದ್ದು ನಿಲ್ಲುತ್ತಾರೆ, ಯಾಕೆ ಬಂದಿರಿ ಎಂದು ಯಾರೂ ಕೇಳುವುದಿಲ್ಲ.

"ಬೇಗ ಬಂದೆಯಲ್ಲಮ್ಮ, ಊಟ ಆಯ್ತಾ?" ಎಂದರು.

ನಾನು ಮೊದಲು ಹಲಗೆ ನೋಡಿದೆ. ಚೀಟಿಗಳೆಲ್ಲ ಇದ್ದವು. ನಡುವೆ ಒಂದು ಹಾಳೆಯಗಲದ ಖಾಲಿ ಜಾಗ, ಮೂಲೆಗಳಲ್ಲಿ ನಾಲ್ಕು ಪಿನ್ನು, ನೀಟಾಗಿ ಮತ್ತೆ ಚುಚ್ಚಿದ್ದು. ಬೆಳಿಗ್ಗೆ ಇದೇ ಹಲಗೆಯ ಮುಂದೆ ನಾನು ಎರಡು ಸಲ ಓಡಾಡಿದ್ದೇನೆ. ದಿನಾ ಇರುವ ವಸ್ತುವನ್ನು ಯಾರು ನೋಡುತ್ತಾರೆ?

ಬಾಗಿಲ ಹಿಂದಿನ ಕೊಕ್ಕೆಯಿಂದ ಅವರ ಕೀ ಗೊಂಚಲು ತೆಗೆದೆ. ಮನೆಯದು, ನಮ್ಮ ಬಟ್ಟೆ ಬೀರುವಿನದು, ಅಂಚೆ ಡಬ್ಬಿಯದು. ಆಮೇಲೆ ಉದ್ದ ಕತ್ತಿನ ಒಂದು ಹೊಸ ಕೀ. ಅದರ ತಲೆಯ ಮೇಲೆ ಮೂರು ಗೀರು.

ಗೊಂಚಲನ್ನು ಪಾಲಿಶ್ ಡಬ್ಬಿಯ ಪಕ್ಕ ಇಟ್ಟು, ಎದುರಿಗೆ ನೆಲದ ಮೇಲೇ ಕೂತೆ. ಮಾವ ಬ್ರಷ್ಷು ಕೆಳಗಿಟ್ಟರು. ಕೀ ನೋಡಿದರು, ನನ್ನನ್ನು ನೋಡಿದರು. ನಾಟಕ ಆಡಲಿಲ್ಲ. ಅದೊಂದು ಗೌರವ ನನಗೆ ಉಳಿಸಿದರು.

"ನಾನೇ ಹೋಗಿದ್ದೆ," ಎಂದರು.

"ನನ್ನ ಹೆಸರು ತಗೊಂಡು ಹೋದ್ರಿ. ಕೇಳ್ದೆ."

"ಕೇಳಿದ್ರೆ ಕೊಡ್ತಿದ್ದೆಯಾ?"

"ಆ ಮನುಷ್ಯ ಕೊಂದೆ ಅಂತ ಒಪ್ಕೊಂಡ ಹಾಗೆ ಬರ್ದಿದ್ದೀರಿ ಮಾವ. ಅವರಿಗೆ ಓದೋಕೆ ಕನ್ನಡಕ ಇರ್ಲಿಲ್ಲ. ಇಂಥದ್ದು ಆಗಬಾರದು ಅಂತ ತಾನೇ ನೀವು ಈ ಸಂಘ ಕಟ್ಟಿದ್ದು?"

ಅವರ ಮುಖ ಒಮ್ಮೆಗೇ ಮುದಿಯಾಯಿತು. ನನಗೆ ಕನಿಕರ ಬರಲಿಲ್ಲ, ಸಿಟ್ಟೇ ಬಂತು. ಇಪ್ಪತ್ತು ವರ್ಷ ಈ ಮನುಷ್ಯನ ಮಾತನ್ನು ವೇದವಾಕ್ಯ ಎಂದು ನಂಬಿದವಳು ನಾನು.

ಆಮೇಲೆ ಮಾವ ಹೇಳಿದ್ದು ಇಷ್ಟು. ಹೋದ ವಾರ ಮುದ್ರಣಾಲಯದ ಯಜಮಾನರು ವಾಕಿಂಗಿನ ದಾರಿಯಲ್ಲಿ ಇವರನ್ನು ಹಿಡಿದು ನಿಲ್ಲಿಸಿ ಈ ಕೀ ಕೊಟ್ಟಿದ್ದರು. ತಮಗೇನಾದರೂ ಆದರೆ ಬೀರು ತೆಗೆದು ನೋಡಬೇಕು, ಆದರೆ ಪೊಲೀಸರ ಕೈಗೆ ಮಾತ್ರ ಕೊಡಬಾರದು ಎಂದಿದ್ದರು. ಅದರಲ್ಲಿ ಏನಿದೆ ಎಂದರೆ ಬಾಯಿ ಬಿಡಲಿಲ್ಲ. ಭಾನುವಾರ ಹೆಣ ಸಿಕ್ಕಾಗ ಸೊಂಟದ ಕೀ ಇರಲಿಲ್ಲ.

"ಕೊಂದವನ ಹತ್ರ ಒಂದು ಕೀ ಇದೆ. ಇನ್ನೊಂದು ನನ್ನ ಹತ್ರ ಇದೆ ಅಂತ ಅವನಿಗೆ ಗೊತ್ತಿಲ್ಲ. ಹಾಗಾದ್ರೆ ಬೀರು ತೆಗೆಸೋಕೆ ಅವನು ಯಾರನ್ನ ಹುಡುಕ್ತಾನೆ?"

ನಾನು ತೆಗೀಬಹುದು ಎಂದು ಹೆಮ್ಮೆಯಿಂದ ಹೇಳಿದ ಆ ಮುಖ ಕಣ್ಣ ಮುಂದೆ ಬಂತು.

"ತೆಗೆಸಿಕೊಂಡ ಮೇಲೆ ಮೇಸ್ತ್ರೀನ ಜೀವಸಹಿತ ಬಿಡ್ತಾನಾ? ಬೀಗದ ಒಳಗಿದ್ರೆ ಇನ್ನೊಂದೆರಡು ದಿನ ಬದುಕಿರ್ತಾನೆ ಅಂತ ಲೆಕ್ಕ ಹಾಕಿದೆ. ಹೊರಗೆ ಬರದ ಹಾಗೆ ಏನಾದ್ರೂ ಬೇಕಿತ್ತು. ತಪ್ಪೊಪ್ಪಿಗೆ ಇದ್ರೆ ಯಾರೂ ಬಿಡಿಸೋಕೆ ಆಗಲ್ಲ. ಮ್ಯಾಜಿಸ್ಟ್ರೇಟರ ಹತ್ರ ನಾನೇ ಬಂದು ನಿಜ ಹೇಳಿ, ಅವನಿಗೆ ರಕ್ಷಣೆ ಕೇಳೋನಿದ್ದೆ, ಮೂರು ಗಂಟೆಗೆ. ಅದಕ್ಕೇ ಈ ಬೂಟು."

ಪಾಲಿಶ್ ಆದ ಒಂದು ಬೂಟು ಪೇಪರಿನ ಮೇಲೆ ಹೊಳೆಯುತ್ತಿತ್ತು. ಇನ್ನೊಂದು ಹಾಗೇ ಇತ್ತು. ಮಾವ ಮಾಡಿದ್ದು ತಪ್ಪು, ದೊಡ್ಡ ತಪ್ಪು. ಆದರೆ ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ, ಅದೇ ನನಗೆ ಭಯ ಹುಟ್ಟಿಸಿದ್ದು.

"ನಾನು ಆಕ್ಷೇಪಣೆ ಬರ್ದುಕೊಟ್ಟು ಬಂದೆ," ಎಂದೆ. "ಹೇಳಿಕೆ ಬಿದ್ದುಹೋಗುತ್ತೆ. ಭೇಟಿ ಹಾಳೆ ಒಂದು ಕೊಟ್ರೆ ಅವರನ್ನ ಬಿಡ್ತಾರೆ. ಆದ್ರೆ ನಾನು ಹೋಗದೆ ಯಾರು ಕೊಡ್ತಾರೆ?"

ಮಾವ ನನ್ನನ್ನೇ ದಿಟ್ಟಿಸಿದರು.

"ನಿನ್ನ ಡ್ರಾಯರಲ್ಲಿ ಸಹಿ ಹಾಕಿದ ಹಾಳೆ ಇರೋದು ಆ ಠಾಣೇಲಿ ಯಾರಿಗೆ ಗೊತ್ತಿಲ್ಲ ಹೇಳು?"

ಫೋನು ಕೈಗೆತ್ತಿಕೊಂಡೆ. ಒಂದು ಗಂಟೆ ಹತ್ತು ನಿಮಿಷ. ರೈಟರು ಮೂರನೇ ರಿಂಗಿಗೆ ಎತ್ತಿದರು, ದನಿಯಲ್ಲಿ ಕೆಲಸ ಮುಗಿಸಿದ ನೆಮ್ಮದಿ ಇತ್ತು. ಇನ್‌ಸ್ಪೆಕ್ಟರ್ ಬೇಗ ಬಂದರು, ನಿಮ್ಮ ಆಕ್ಷೇಪಣೆ ನೋಡಿ ಒಪ್ಪಿದರು, ಮೇಸ್ತ್ರಿಯನ್ನು ಬಿಟ್ಟು ಇಪ್ಪತ್ತು ನಿಮಿಷವಾಯಿತು ಎಂದರು.

"ಹೆಂಡತಿ ಜೊತೆ ಹೋದ್ರಾ?"

"ಇಲ್ಲ ಮೇಡಂ, ಆಯಮ್ಮ ಇನ್ನೂ ಬೆಂಚ್ ಮೇಲೇ ಇದ್ದಾರೆ. ಅವರಿಗೆ ಗೊತ್ತಾಗ್ಲಿಲ್ಲ ಅಂತ ಕಾಣುತ್ತೆ. ನೀವು ಕಳ್ಸಿದ್ರಲ್ಲ, ಕಪ್ಪು ಕೋಟಿನವರು, ಅವರು ಹಿಂದಿನ ಬಾಗಿಲಿಂದ ಕಾರಲ್ಲಿ ಕರ್ಕೊಂಡು ಹೋದ್ರು. ಅರ್ಜೆಂಟು ಅಂದ್ರು. ಮೇಸ್ತ್ರಿ ಕನ್ನಡಕ ಕೂಡ ಇಲ್ಲೇ ಬಿಟ್ಟು ಹೋಗಿದ್ದಾರೆ ನೋಡಿ."

"ನಾನು ಯಾರನ್ನೂ ಕಳ್ಸಿಲ್ಲ," ಎಂದೆ. "ಡ್ರಾಯರು ತೆಗೆದು ಎಣಿಸಿ. ಎಷ್ಟು ಹಾಳೆ ಇದೆ?"

ಸ್ಟ್ಯಾಂಪ್ ಪ್ಯಾಡು ಸರಿಸಿದ ಸದ್ದು ಕೇಳಿಸಿತು. ಆಮೇಲೆ ಡ್ರಾಯರಿನ ಸದ್ದು. ಎದುರಿಗೆ ಮಾವ ಆ ಮೂರು ಗೀರಿನ ಕೀಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದರು.

"ಎರಡು," ಎಂದರು ರೈಟರು. ಫೈಲಿನ ಕಾಗದ ತಿರುಗಿಸಿ ನೋಡಿ, ನನಗೆ ಸಮಾಧಾನ ಹೇಳುವವರ ಹಾಗೆ ಮೆತ್ತಗೆ ಸೇರಿಸಿದರು.

"ಆದ್ರೆ ಅವರು ಕೊಟ್ಟ ಹಾಳೇಲಿ ಸಹಿ ನಿಮ್ಮದೇ ಇದೆ ಮೇಡಂ."